ಡೊಂಬಿವಲಿಗಿಂತ ದಪ್ಪ ಗಾಳಿ

ಶಹಾಡ್

ನನ್ನ ಭಾವನಿಗೆ ಲಿಫ್ಟ್ ಅಂದರೆ ಆಗದು. ಠಾಣೆಯ ಮಾಜಿವಾಡಾದಲ್ಲಿ ನಮ್ಮ ಗಿರಾಕಿಯೊಬ್ಬರ ಆಫೀಸು ಹನ್ನೊಂದನೆಯ ಮಹಡಿಯಲ್ಲಿದೆ. ಭಾವ ಅಲ್ಲಿಗೂ ಮೆಟ್ಟಿಲು ಹತ್ತಿಯೇ ಹೋಗುತ್ತಾರೆ. ಮೇಲೆ ಮುಟ್ಟಿದ ಮೇಲೆ ಮಾತಾಡಲು ಉಸಿರಿಲ್ಲದೆ ಕೈಸನ್ನೆ ಮಾಡುತ್ತಾರೆ. ಅಂಥವರು ಕಟ್ಟಿದ ಯಂತ್ರ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿ ಕೂತಿತ್ತು. ಅಲ್ಲಿ ಅದು ಹಟ ಹಿಡಿದು ನಿಂತಾಗ, ಇಳಿದು ನೋಡಲು ಹೋಗಬೇಕಾದವನು ನಾನು.

ಭಾವನ ಹೆಸರು ಗಂಗಾಧರ, ನನ್ನ ಅಕ್ಕ ಶೈಲಜಾಳ ಗಂಡ. ನವಿ ಮುಂಬಯಿಯ ಕಂಪನಿಯೊಂದರಲ್ಲಿ ಡ್ರಾಯಿಂಗ್ ಟೇಬಲ್ಲಿನ ಮುಂದೆ ತಲೆ ನರೆಯುವವರೆಗೆ ಕೂತಿದ್ದವರು, ಒಂದು ದಿನ ರಾಜೀನಾಮೆ ಕೊಟ್ಟು ಬಂದು ಶಹಾಡ್ ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡೊಂದನ್ನು ಹಿಡಿದರು. ಫ್ಯಾಕ್ಟರಿಗಳ ಬಿಸಿಯನ್ನು ಇಳಿಸುವ ಕೂಲರ್ ಕಟ್ಟುವುದು ಅವರ ಕೆಲಸ, ಗಿರಾಕಿಗಳ ಹಿಂದೆ ಓಡುವುದು ನನ್ನ ಕೆಲಸ. ಕೂತಲ್ಲಿ ಕೂರಲಾಗದ ನನ್ನ ಜಾಯಮಾನಕ್ಕೆ ಅದು ಸರಿಯಾಗಿಯೇ ಒಗ್ಗಿತ್ತು. ಎರಡು ಸಾವಿರದ ಏಳೆಂಟರ ಸುಮಾರಿಗೆ ದಕ್ಷಿಣ ಆಫ್ರಿಕಾದ ಏಜೆಂಟನೊಬ್ಬ ಹೇಗೋ ನಮ್ಮನ್ನು ಹುಡುಕಿ ಹಿಡಿದು, ಜೋಹಾನ್ಸ್‌ಬರ್ಗಿನ ಆಚೆಯ ಚಿನ್ನದ ಗಣಿಯೊಂದಕ್ಕೆ ಕೂಲರ್ ಬೇಕೆಂದ. ಮೇಲಿನಿಂದ ಮಂಜುಗಡ್ಡೆಯಷ್ಟು ತಣ್ಣನೆಯ ನೀರು ಬರುತ್ತದೆ, ಅದು ತಾಮ್ರದ ಸುರುಳಿಯಲ್ಲಿ ಹರಿಯಬೇಕು, ಹಿಂದಿನಿಂದ ಫ್ಯಾನು ಗಾಳಿಯನ್ನು ತಳ್ಳಬೇಕು, ಇಷ್ಟೇ.

ಭಾವ ಆ ಒಂದು ಯಂತ್ರಕ್ಕಾಗಿ ನಿದ್ದೆಗೆಟ್ಟರು. ಬಂಡೆಯ ಬಿಸಿ, ಧೂಳು, ಸೋರುವ ನೀರು, ಎಲ್ಲವನ್ನೂ ಯೋಚಿಸಿದರು. ಕೊನೆಗೆ ಮಗಳು ಸ್ವಾತಿಯ ಶಾಲೆಯ ಅಟ್ಲಾಸ್ ಬಿಡಿಸಿ ಕೂತು, "ಜೋಹಾನ್ಸ್‌ಬರ್ಗ್ ಇರುವುದು ಆಗುಂಬೆಗಿಂತ ಎಷ್ಟೋ ಎತ್ತರದಲ್ಲಿ ಮಾರಾಯ. ಅಲ್ಲಿ ಗಾಳಿ ತೆಳು. ನಮ್ಮ ಫ್ಯಾನು ಬರೇ ಸುತ್ತುತ್ತದೆ, ರೆಕ್ಕೆಗೆ ಗಾಳಿ ಸಿಕ್ಕುವುದಿಲ್ಲ" ಅಂದರು. ಪ್ರತಿಯೊಂದು ರೆಕ್ಕೆಯನ್ನೂ ಮಾಮೂಲಿಗಿಂತ ಹೆಚ್ಚು ಓರೆ ಮಾಡಿ, ಜಾಸ್ತಿ ಗಾಳಿ ಬಾಚುವಂತೆ ಕೂರಿಸಿದರು. ನಾವೆಲ್ಲ ಇರುವ ಡೊಂಬಿವಲಿ ಕಡೆಯ ಗಾಳಿಗೆ ಓರೆ ಎಷ್ಟೆಂದು ರೆಕ್ಕೆಯ ಬುಡದಲ್ಲಿ ಗುರುತು ಮಾಡಿದ್ದ ಹಳೆಯ ಚುಕ್ಕಿಯ ಪಕ್ಕದಲ್ಲಿ ಜೋಹಾನ್ಸ್‌ಬರ್ಗಿನ ಹೊಸ ಚುಕ್ಕಿ ಹೊಡೆಯುವಾಗ ಟಾರ್ಚ್ ಹಿಡಿದಿದ್ದವನು ನಾನೇ. ಅಕ್ಕ ಬಂದು ಯಂತ್ರಕ್ಕೆ ಕುಂಕುಮ ಹಚ್ಚಿ, ಕೆಳಗೆ ನಿಂಬೆಹಣ್ಣು ಕಟ್ಟಿ ಕಳುಹಿಸಿದಳು.

ಎರಡು ತಿಂಗಳಾದ ಮೇಲೆ ಸುದ್ದಿ ಬಂತು. ಚಾಲೂ ಮಾಡಿದರೆ ಸ್ವಲ್ಪ ಹೊತ್ತು ಓಡುತ್ತದೆ, ಮೋಟರ್ ಕಾದು ಸ್ವಿಚ್ಚು ತಾನೇ ಬಿದ್ದುಬಿಡುತ್ತದೆ. ಕೂಲರ್ ನಿಂತರೆ ಆ ಸುರಂಗದಲ್ಲಿ ಕೆಲಸ ಮಾಡುವವರನ್ನು ಗಳಿಗೆಗೊಮ್ಮೆ ಹೊರಗೆ ಕಳುಹಿಸಬೇಕು. ಬರುವ ಶನಿವಾರದೊಳಗೆ ಸರಿಹೋಗದಿದ್ದರೆ ಬೇರೆ ಯಂತ್ರ ತರುತ್ತಾರಂತೆ. ನಮ್ಮದನ್ನು ಮೇಲಕ್ಕೆ ಎತ್ತುವುದಿಲ್ಲ. ಕೆಲಸ ಮುಗಿದ ಹಳೆಯ ಸುರಂಗಕ್ಕೆ ನೂಕಿ ಬಾಯಿ ಮುಚ್ಚುತ್ತಾರೆ.

ಭಾವ ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟರು. "ಅದು ಮಣ್ಣುಪಾಲಾದರೆ ನಾನು ಇನ್ನು ಸ್ಪಾನರ್ ಮುಟ್ಟುವುದಿಲ್ಲ ಸದಾನಂದ. ಹಳೇ ಕಂಪನಿಯವರ ಕಾಲು ಹಿಡಿಯುತ್ತೇನೆ" ಅಂದರು. ಹೊರಡುವ ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

"ಇವರು ಊಟಕ್ಕೆ ಕೂತುಕೊಳ್ಳುವುದೇ ಇಲ್ಲ ಸದಾ. ನಿಂತುಕೊಂಡೇ ಎರಡು ತುತ್ತು. ನೀನು ಎಂತಾದರೂ ಮಾಡು, ಅದನ್ನು ಓಡಿಸಿ ಬಾ."

ಶೆಡ್ಡಿನಲ್ಲಿ ಪೈಪು ಬೆಸೆಯುವ ಕಲಬುರಗಿಯ ಶರಣಪ್ಪನಿಗೆ ಬೇರೆಯದೇ ಚಿಂತೆ. "ಅಣ್ಣಾರೆ, ಭೂಮಿ ಒಳಗ ಬೆಂಕಿ ಅದ ಅಂತಾರ. ನಮ್ಮ ಮಷೀನ್ ಕರಗಿ ಹೋಗ್ಯಾದೇನ್ರಿ ಮತ್ತ?"

ಗಣಿಯೂರು

ಜೋಹಾನ್ಸ್‌ಬರ್ಗಿನಿಂದ ಕಾರಿನಲ್ಲಿ ಹೋಗಿ ಸೇರಿದ ಊರು ನೇರ ರಸ್ತೆಗಳ, ಒಣ ಹುಲ್ಲಿನ ಊರು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಸಂಜೆ ನಾನು ಸುಮ್ಮನೆ ನಡೆಯುತ್ತಿದ್ದರೆ ಪೊಲೀಸ್ ಗಾಡಿಯೊಂದು ಪಕ್ಕಕ್ಕೆ ಬಂದು, ನನ್ನ ಕಾರು ಎಲ್ಲಿ ಕೆಟ್ಟುಹೋಯಿತು ಎಂದು ವಿಚಾರಿಸಿತು. ಕಾಲಿದ್ದವನು ನಡೆಯುತ್ತಾನೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ನಾನು ಇಳಿದುಕೊಂಡ ಮನೆಯ ಯಜಮಾನಿ ಮಾರ್ಥಾ ಎಂಬ ವಿಧವೆ. ಮೊದಲ ಬೆಳಿಗ್ಗೆಯೇ ಅವಳಿಂದ ಬೈಸಿಕೊಂಡೆ. ಮೂಲೆಯ ಅಂಗಡಿಗೆ ಹೋಗಿ, ನಮ್ಮಲ್ಲಿಯ ಹಾಗೆ ದುಡ್ಡು ಮುಂದೆ ಚಾಚಿ "ಒಂದು ಬ್ರೆಡ್" ಎಂದಿದ್ದೆ. ಅಂಗಡಿಯ ಹೆಂಗಸು ಬ್ರೆಡ್ ಕೊಡದೆ ನನ್ನನ್ನೇ ನೋಡುತ್ತ ನಿಂತಳು. ಕಿವಿ ಕೇಳಿಸದೇನೋ ಎಂದು ಇನ್ನೂ ಜೋರಾಗಿ ಕೇಳಿದೆ. ಆಗಲೂ ನೋಡುತ್ತಲೇ ಇದ್ದಳು. ಮನೆಗೆ ಬಂದು ಹೇಳಿದರೆ ಮಾರ್ಥಾ ತಲೆ ಚಚ್ಚಿಕೊಂಡಳು.

"ನೀವು ಹೇಗಿದ್ದೀರಿ ಅಂತ ಕೇಳಿದಿರಾ? ಅವಳು ಹೇಗಿದ್ದಾಳೆ ಅಂತ ಕೇಳದೆ ಬ್ರೆಡ್ ಕೇಳಿದರೆ ಯಾರು ಕೊಡುತ್ತಾರೆ?"

ಡೊಂಬಿವಲಿ ಸ್ಟೇಷನ್ನಿನ ಹೊರಗೆ ವಡಾಪಾವ್ ಕೊಳ್ಳುವಾಗ ಒಬ್ಬೊಬ್ಬರೂ ಕ್ಷೇಮಸಮಾಚಾರ ಶುರುಮಾಡಿದರೆ ಕಥೆ ಏನು ಎಂದು ಯೋಚಿಸಿ ನಗು ಬಂತು.

ಗಣಿಗೆ ಇಳಿಯುವ ಮೊದಲು ಬಿಸಿ ಕೋಣೆಯ ಪರೀಕ್ಷೆ. ಹಬೆ ತುಂಬಿದ ಕೋಣೆಯಲ್ಲಿ ಅರ್ಧ ಗಂಟೆ ಒಂದು ಮಣೆಯನ್ನು ಹತ್ತಿ ಇಳಿಯುತ್ತಿರಬೇಕು. ಮೈ ಅತಿಯಾಗಿ ಕಾದರೆ ಫೇಲ್. ಮೇ ತಿಂಗಳ ಕಲ್ಯಾಣ್ ಲೋಕಲ್ಲಿನಲ್ಲಿ ಬೆಂದವನಿಗೆ ಇದೇನು ಮಹಾ ಎಂದು ನರ್ಸಿಗೆ ಜಂಬ ಕೊಚ್ಚಿದೆ. ಅರ್ಧ ದಾರಿಯಲ್ಲೇ ಅವಳು ನನ್ನನ್ನು ಹೊರಗೆಳೆದು ಥರ್ಮಾಮೀಟರ್ ನೋಡಿ ಹುಬ್ಬು ಹಾರಿಸಿದಳು.

"ಗಂಟೆ ಹೊಡೆದಾಗ ಹತ್ತಬೇಕು, ಗಂಟೆ ಹೊಡೆದಾಗ ಇಳಿಯಬೇಕು. ನೀವು ಗಂಟೆಗಿಂತ ಮುಂದೆ ಓಡುತ್ತಿದ್ದಿರಿ. ಯಾರ ಜೊತೆ ಪಂದ್ಯ?"

ಮರುದಿನ ಗಂಟೆಗೆ ತಕ್ಕ ಹಾಗೆ ಹತ್ತಿ ಇಳಿದು ಪಾಸಾದೆ. ಆ ನಿಧಾನಕ್ಕೇ ನನಗೆ ಸುಸ್ತಾಗಿದ್ದು. ಹೀಗೆ ಒಂದು ದಿನ ದಂಡವಾಯಿತು, ಶನಿವಾರ ಹತ್ತಿರವಾಯಿತು.

ಮೊದಲ ಸಲ ಕೆಳಗೆ

ಗಣಿಯ ಲಿಫ್ಟಿಗೆ ಅವರು ಕೇಜ್ ಅನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ಕಬ್ಬಿಣದ ಪಂಜರ, ಅಂತಸ್ತಿನ ಮೇಲೆ ಅಂತಸ್ತು. ಬೆಳಗಿನ ಪಾಳಿಯ ಗಂಡಸರು ಭುಜಕ್ಕೆ ಭುಜ ತಾಗಿಸಿ ಒಳಗೆ ತುಂಬಿಕೊಂಡಾಗ ನನಗೆ ಮನೆ ಸೇರಿದಷ್ಟು ಸಂತೋಷವಾಯಿತು. ಎಂಟೂ ಚಿಲ್ಲರೆಯ ಫಾಸ್ಟ್ ಲೋಕಲ್ಲಿನಲ್ಲಿ ಹತ್ತಿದವನಿಗೆ ಹೇಳಿಕೊಡಬೇಕಾದ ಇಕ್ಕಟ್ಟು ಅದಲ್ಲ. ನನ್ನ ಜೊತೆಗಿದ್ದವನು ಹೆಂಡ್ರಿಕ್, ಗಣಿಯ ಎಲೆಕ್ಟ್ರಿಕ್ ಫೋರ್‌ಮನ್. ಬಾಗಿಲಲ್ಲಿ ನಿಂತು ಎಲ್ಲರನ್ನೂ ಹತ್ತಿಸಿ ಇಳಿಸುವವನು ಟುಮೆಲೊ, ಐವತ್ತು ದಾಟಿದ ಎತ್ತರದ ಆಳು. ಅವನು ನನ್ನನ್ನು ನೋಡಿ ಏನೋ ಹೇಳಿದ. ನಾನು ಅವನ ಕಂಕುಳ ಕೆಳಗಿನಿಂದ ನುಸುಳಿ ಒಳ್ಳೆಯ ಜಾಗ ಹಿಡಿಯುವ ಆತುರದಲ್ಲಿದ್ದೆ.

ಕೇಜ್ ಇಳಿಯಿತು ಅನ್ನುವುದಕ್ಕಿಂತ ಬಿತ್ತು ಅನ್ನಬೇಕು. ಕಿವಿ ಗವ್ವೆಂದಿತು. ಒಂದು ಹಂತದಲ್ಲಿ ಇಳಿದು, ನಡೆದು, ಎರಡನೆಯ ಕೇಜ್ ಹತ್ತಿದೆವು, ಕಲ್ಯಾಣದಲ್ಲಿ ಗಾಡಿ ಬದಲಿಸಿದ ಹಾಗೆ. ಅಲ್ಲೂ ಬಾಗಿಲಿಗೆ ಟುಮೆಲೊನೇ.

ಈಗ ನಮ್ಮೂರಿನ ಒಂದು ಕ್ರಮ ಹೇಳಬೇಕು. ಫಾಸ್ಟ್ ಗಾಡಿ ಠಾಣೆ ಬಿಟ್ಟ ಕೂಡಲೇ ಡೊಂಬಿವಲಿಯಲ್ಲಿ ಇಳಿಯುವವರು ಬಾಗಿಲ ಕಡೆ ಸರಿಯಲು ಶುರುಮಾಡಬೇಕು. ಮುಂದಿನವನ ಭುಜ ತಟ್ಟಿ "ಡೊಂಬಿವಲಿ?" ಎಂದು ಕೇಳಬೇಕು. ಅವನು ಹೌದೆಂದರೆ ಅವನ ಬೆನ್ನಿಗಂಟಿಕೊಳ್ಳಬೇಕು, ಅಲ್ಲವೆಂದರೆ ಅವನನ್ನು ದಾಟಬೇಕು. ಗಾಡಿ ನಿಂತ ಮೇಲೆ ಎದ್ದವನು ಇಳಿಯಲಾಗದೆ ಮುಂದಿನ ನಿಲ್ದಾಣ ಕಲ್ಯಾಣ ನೋಡಿಕೊಂಡು ಬರುತ್ತಾನೆ. ಇದು ನಮ್ಮ ರಕ್ತದಲ್ಲಿ ಸೇರಿಹೋಗಿದೆ.

ಕೇಜಿನ ವೇಗ ತಗ್ಗಿದ್ದು ಕಾಲಿಗೆ ಗೊತ್ತಾಯಿತು. ನನ್ನ ಕೈ ತಾನಾಗಿ ಮುಂದಿನವನ ಭುಜ ತಟ್ಟಿತು. "ಇಳಿಯುತ್ತೀರಾ?" ಎಂದೆ. ಅವನು ಹುಚ್ಚನನ್ನು ನೋಡುವ ಹಾಗೆ ತಿರುಗಿದ. ನಾನು ಅವನನ್ನು ದಾಟಿದೆ, ಇನ್ನೊಬ್ಬನನ್ನು ದಾಟಿದೆ. ಕೇಜ್ ನಿಂತಿತು. ನಾನು ಗೇಟಿನ ಚಿಲಕಕ್ಕೆ ಕೈ ಹಾಕಿದೆ.

ಅದು ನಿಂತಿರಲಿಲ್ಲ. ಅಷ್ಟು ಉದ್ದದ ಉಕ್ಕಿನ ಹಗ್ಗ ರಬ್ಬರಿನಂತೆ ಹಿಗ್ಗುತ್ತದೆ. ಕೇಜ್ ಕೆಳಕ್ಕೆ, ಮೇಲಕ್ಕೆ ತೂಗಾಡಿ ಆಮೇಲೆ ನೆಲೆಗೊಳ್ಳುತ್ತದೆ. ಅಷ್ಟರಲ್ಲಿ ಗೇಟು ತೆರೆದು ಕಾಲಿಟ್ಟವನ ಕಾಲು ಕಾಲಾಗಿ ಉಳಿಯುವುದಿಲ್ಲ. ಟುಮೆಲೊ ನನ್ನ ಕಾಲರ್ ಹಿಡಿದು ಹಿಂದಕ್ಕೆಳೆದ ರಭಸಕ್ಕೆ ಹೆಲ್ಮೆಟ್ಟು ಹಾರಿಹೋಯಿತು. ಅವನು ಕೂಗಾಡಲಿಲ್ಲ. ಎಲ್ಲರನ್ನೂ ಇಳಿಸಿ, ಗೇಟು ಹಾಕಿ, ನನ್ನನ್ನು ಅದೇ ಕೇಜಿನಲ್ಲಿ ಮೇಲಕ್ಕೆ ಕಳುಹಿಸಿದ. ಯಂತ್ರದ ಮುಖವನ್ನೂ ನೋಡದೆ ಬಿಸಿಲಿಗೆ ಬಂದು ನಿಂತೆ.

ಮೇಲೆ, ಕೈಕಟ್ಟಿಕೊಂಡು

ಇನ್ನು ಮುಂದೆ ಈ ಮನುಷ್ಯನನ್ನು ಕೆಳಗೆ ಬಿಡುವಂತಿಲ್ಲ ಎಂದು ಆಫೀಸಿನವರು ಹೇಳಿದರು. ಬಿಡಬೇಕಾದರೆ ಟುಮೆಲೊ ಒಪ್ಪಬೇಕು. ಕೇಜಿನ ಬಾಗಿಲಲ್ಲಿ ಅವನ ಮಾತೇ ಕೊನೆಯ ಮಾತು. ಮರುದಿನ ಅವನಿಗೆ ರಜೆ. ಆ ದಿನ ಪೂರ್ತಿ ನಾನು ಮಾರ್ಥಾಳ ವರಾಂಡದಲ್ಲಿ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ತಿರುಗಿದೆ. ಭಾವನಿಗೆ ಏನೆಂದು ಫೋನ್ ಮಾಡುವುದು? ಡೊಂಬಿವಲಿಯಲ್ಲಿ ಇಳಿಯುವ ಹಾಗೆ ಇಳಿಯಲು ಹೋದೆ ಅಂತಲೇ? ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹೆಂಡ್ರಿಕ್ ಸಂಜೆ ಬಂದ. ಮೋಟರೇ ಸರಿಯಿಲ್ಲ, ತಂತಿ ಸುತ್ತಿದ್ದು ಕಳಪೆ ಅನ್ನುವುದು ಅವನ ಅಭಿಪ್ರಾಯ. ಭಾವ ಒಂದೊಂದು ಸುತ್ತನ್ನೂ ನಿಂತು ಮಾಡಿಸಿದ್ದನ್ನು ಕಂಡವನು ನಾನು, ಜಗಳಕ್ಕೇ ಹೋದೆ. ಮಾರ್ಥಾ ಇಬ್ಬರಿಗೂ ಕೆಂಪು ಸೊಪ್ಪಿನ ಚಹಾ ಕೊಟ್ಟು ಬಾಯಿ ಮುಚ್ಚಿಸಿದಳು. ನಾನು ಮಾತು ಬದಲಿಸಲು ಶರಣಪ್ಪನ ಪ್ರಶ್ನೆ ಕೇಳಿದೆ: ಇನ್ನೂ ಕೆಳಗೆ ಕೆಳಗೆ ಹೋದರೆ ಬೆಂಕಿಯೇ ಇದೆಯೇ?

"ಬಿಸಿ ಇದೆ, ಬೆಂಕಿ ಇಲ್ಲ. ನಮ್ಮ ಗಣಿ ಭೂಮಿಯ ಸಿಪ್ಪೆಯನ್ನು ಗೀರಿದ ಹಾಗೆ ಅಷ್ಟೆ. ಇದರ ಎಷ್ಟೋ ಪಟ್ಟು ಕೆಳಗೆ ಬಂಡೆ ಕೆಂಡದಷ್ಟು ಕಾದಿದೆ. ಆದರೂ ಬಹುಪಾಲು ಗಟ್ಟಿಯಾಗಿಯೇ ಇದೆ. ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಎಲ್ಲೋ ಭಾರ ಇಳಿದಲ್ಲಿ ಕರಗುತ್ತದೆ, ಆಗ ಜ್ವಾಲಾಮುಖಿ."

ಕುಕ್ಕರಿನಲ್ಲಿ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಬಿಗಿಹಿಡಿದುಕೊಂಡಿರುವುದು ನೆನಪಾಯಿತು. ಇದನ್ನು ಶರಣಪ್ಪನಿಗೆ ಹೇಳಬಹುದು ಅಂದುಕೊಂಡೆ.

ಹೆಂಡ್ರಿಕ್ ಹೋದ ಮೇಲೆ ಮಾರ್ಥಾ ಕೇಳಿದಳು, "ಕೇಜಿನ ಬಾಗಿಲಲ್ಲಿ ಟುಮೆಲೊ ನಿಮಗೆ ಮೊದಲು ಏನಂದ?"

"ಏನೋ ಅಂದ. ನಾನು ಅವಸರದಲ್ಲಿದ್ದೆ."

"ನಮಸ್ಕಾರ ಅಂದಿರುತ್ತಾನೆ" ಎಂದಳು ಅವಳು. ನಾನು ಉತ್ತರ ಕೊಡದೆ ಅವನ ಕಂಕುಳಲ್ಲಿ ನುಸುಳಿದ್ದು ಈಗ ಕಣ್ಣಿಗೆ ಕಟ್ಟಿತು.

ಎರಡನೆಯ ಸಲ ಕೆಳಗೆ

ಶುಕ್ರವಾರ ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ ಮಾರ್ಥಾ ಕಲಿಸಿದ ಹಾಗೆ "ಡುಮೆಲಾ, ನ್ತಾಟೆ" ಎಂದೆ. ನಮಸ್ಕಾರ, ತಂದೆಯೇ ಎಂದರ್ಥ. ಟುಮೆಲೊ ನಮಸ್ಕಾರ ಹೇಳಿ, ಚೆನ್ನಾಗಿದ್ದೀಯಾ ಎಂದು ಕೇಳಿದ. ಚೆನ್ನಾಗಿಲ್ಲ ಎಂದೆ. ಯಾಕೆಂದು ಕೇಳಿದ. ಅಲ್ಲೇ ನಿಂತು ಹೇಳಿದೆ: ಭಾವನ ವಿಷಯ, ಲಿಫ್ಟಿನ ಹೆದರಿಕೆ, ನಿಂತುಕೊಂಡು ಉಣ್ಣುವುದು. ಹಿಂದೆ ಪಾಳಿಯವರು ಸಾಲುಗಟ್ಟಿದ್ದರು, ಯಾರೂ ಗೊಣಗಲಿಲ್ಲ.

"ನನ್ನ ಕೇಜಿನಲ್ಲಿ ಎಲ್ಲರಿಗಿಂತ ಮೊದಲು ಹತ್ತುತ್ತೀಯ, ಎಲ್ಲರಿಗಿಂತ ಕೊನೆಗೆ ಇಳಿಯುತ್ತೀಯ" ಎಂದ ಅವನು. "ಕೈ ಎರಡೂ ಬೆಲ್ಟಿನ ಮೇಲೆ. ನಾನು ಕರೆಯುವವರೆಗೆ ಕಾಲು ಎತ್ತಬಾರದು."

ಬಾಯಾರಿಕೆಗೆ ನೀರು ಕುಡಿದು, ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಗಿದು ಜೇಬಿಗೆ ತುರುಕಿ ಹತ್ತಿದೆ. ಹಿಂಬದಿಯ ಮೂಲೆ ನನ್ನದು. ಕೇಜ್ ಬಿತ್ತು. ಕಾಲು ಮುಂದೆ ಹೋಗಲು ತವಕಿಸುತ್ತಿತ್ತು, ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡೆ. ಸುಮ್ಮನೆ ನಿಲ್ಲುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ.

ಆಗ ಜೇಬಿನಲ್ಲಿ ಏನೋ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಎರಡನೆಯ ಕೇಜಿನಲ್ಲಿ ಕರಕರ ಸದ್ದು ಜಾಸ್ತಿಯಾಯಿತು. ಕೈ ಬೆಲ್ಟಿನ ಮೇಲಿತ್ತಲ್ಲ, ತೆಗೆದು ನೋಡುವಂತಿಲ್ಲ. ಕೇಜ್ ಕೆಳಗೆ ಮುಟ್ಟಿ, ತೂಗಾಡಿ ನಿಂತು, ಎಲ್ಲರೂ ಇಳಿದು, ಟುಮೆಲೊ ತಲೆಯಾಡಿಸಿದ ಮೇಲೆ ಹೊರಗೆ ಬಂದು ಬಾಟಲಿ ತೆಗೆದೆ. ಯಾರೋ ಮುಷ್ಟಿಯಲ್ಲಿ ಹಿಚುಕಿದ ಹಾಗೆ ಅದು ಒಳಕ್ಕೆ ಕುಸಿದಿತ್ತು.

"ಇದಕ್ಕೇನಾಯಿತು?" ಎಂದೆ.

ಹೆಂಡ್ರಿಕ್ ತಿರುಗಿಯೂ ನೋಡಲಿಲ್ಲ. "ಮೇಲಿನ ಗಾಳಿ ಅದು, ಕೆಳಗಿನ ಗಾಳಿ ಹಿಚುಕಿತು. ತಲೆಯ ಮೇಲೆ ಮೂರು ಕಿಲೋಮೀಟರ್ ಗಾಳಿ ನಿಂತಿದೆಯಲ್ಲ. ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಕಾಯುತ್ತದೆ ಕೂಡ, ಸೈಕಲ್ ಪಂಪು ಬಿಸಿಯಾಗುವುದಿಲ್ಲವೇ, ಹಾಗೆ."

ನಾನು ನಿಂತಲ್ಲೇ ನಿಂತೆ. ಭಾವ ಅಟ್ಲಾಸ್ ಹಿಡಿದು ಕೂತಿದ್ದು ಕಣ್ಣ ಮುಂದೆ ಬಂತು. ನಾವು ರೆಕ್ಕೆ ಕೂರಿಸಿದ್ದು ಜೋಹಾನ್ಸ್‌ಬರ್ಗಿನ ತೆಳು ಗಾಳಿಗೆ. ಯಂತ್ರ ಕೂತಿದ್ದು ಜೋಹಾನ್ಸ್‌ಬರ್ಗಿನಲ್ಲಲ್ಲ, ಅದರ ಹೊಟ್ಟೆಯಲ್ಲಿ, ಸಮುದ್ರಕ್ಕಿಂತಲೂ ಎಷ್ಟೋ ಕೆಳಗೆ. ಊರಿನ ಹೆಸರು ನೋಡಿದೆವು, ಇಳಿಯುವ ಜಾಗ ನೋಡಲಿಲ್ಲ. ಇಲ್ಲಿಯ ಗಾಳಿ ಡೊಂಬಿವಲಿಯದಕ್ಕಿಂತಲೂ ದಪ್ಪ. ಅಷ್ಟು ದಪ್ಪ ಗಾಳಿಯನ್ನು ಅಷ್ಟು ಓರೆಯ ರೆಕ್ಕೆಯಿಂದ ಬಾಚಿ ಬಾಚಿ ಮೋಟರ್ ಏದುಸಿರು ಬಿಡುತ್ತಿತ್ತು.

ಸುರಂಗದ ತುದಿಗೆ ಬಹಳ ದೂರ ನಡೆಯಬೇಕು. ಬಂಡೆಯ ಮೇಲೆ ಅಂಗೈ ಇಟ್ಟರೆ ಈಗಷ್ಟೇ ಚಹಾ ಸುರಿದ ಸ್ಟೀಲ್ ಲೋಟ ಮುಟ್ಟಿದ ಹಾಗೆ. ನಮ್ಮ ಯಂತ್ರ ಗೋಡೆಗೆ ಒರಗಿ ಕೂತಿತ್ತು, ಮೈತುಂಬ ಧೂಳು, ಧೂಳಿನ ಕೆಳಗೆ ಅಕ್ಕ ಹಚ್ಚಿದ ಕುಂಕುಮದ ಕಲೆ. ಸುತ್ತಲಿನ ಧೂಳನ್ನು ತೋಳಿನಿಂದ ಒರೆಸಿದೆ. ಹೆಂಡ್ರಿಕ್ಕನಿಗೆ ರೆಕ್ಕೆಯ ವಿಷಯ ಹೇಳಿದೆ.

"ಮೇಲಿನ ಗಾಳಿಗೆ ಕೂರಿಸಿದ್ದೀರಾ? ಯಾಕೆ?" ಎಂದು ಅವನು ಬಾಯಿ ತೆರೆದ. "ಅದು ನಮಗೆ ಯಾರೂ ಹೇಳಲಿಲ್ಲ!"

"ನಮ್ಮನ್ನೂ ಯಾರೂ ಕೇಳಲಿಲ್ಲ" ಎಂದು ಸ್ಪಾನರ್ ತೆಗೆದೆ.

ಎರಡು ರೆಕ್ಕೆ ತಿರುಗಿಸುವಷ್ಟರಲ್ಲಿ ಬೆವರು ಕಣ್ಣಿಗಿಳಿದು ಚುಕ್ಕಿ ಕಾಣದಾಯಿತು. ನಡುವೆ ಎಲ್ಲೋ ಬಂಡೆ ಪಟಾರನೆ ಸಿಡಿಯಿತು. ಕೆಲಸಗಾರರೆಲ್ಲ ಸ್ತಬ್ಧರಾಗಿ ತಲೆಯೆತ್ತಿ ಆಲಿಸಿದರು. ನನಗೆ ಓಡಬೇಕು ಅನ್ನಿಸಿತು. ಯಾರೂ ಓಡಲಿಲ್ಲ, ನಾನೂ ಓಡಲಿಲ್ಲ. ಟೊಳ್ಳು ಮಾಡಿದ ಜಾಗವನ್ನು ಬಂಡೆ ಮುಚ್ಚಿಕೊಳ್ಳಲು ನೋಡುತ್ತದೆ, ಹಾಗೆ ಆಗಾಗ ಮಾತಾಡುತ್ತದೆ ಎಂದು ಹೆಂಡ್ರಿಕ್ ಪಿಸುಗುಟ್ಟಿದ. ಮತ್ತೆ ಸದ್ದಾಗದಿದ್ದಾಗ ಎಲ್ಲರೂ ಕೆಲಸಕ್ಕೆ ತಿರುಗಿದರು.

ರೆಕ್ಕೆಗಳನ್ನು ಡೊಂಬಿವಲಿಯ ಹಳೆಯ ಚುಕ್ಕಿಗೆ ತಂದು, ಅದನ್ನೂ ದಾಟಿ ಒಂದಿಷ್ಟು ಮಲಗಿಸಿದೆ. ಬಿಗಿದೆ. ಹೆಂಡ್ರಿಕ್ ಸ್ವಿಚ್ಚು ಹಾಕಿದ. ಫ್ಯಾನಿನ ದನಿ ಏರಿತು, ಒಂದು ಮಟ್ಟಕ್ಕೆ ಬಂದು ನಿಂತಿತು. ನಾವು ಕಾದೆವು. ಅವನು ಮೋಟರಿನ ಮೈ ಮುಟ್ಟಿ ನೋಡಿದ, ಮೀಟರ್ ನೋಡಿದ, ಮತ್ತೆ ಮುಟ್ಟಿದ. ತಂಪು ಗಾಳಿ ಸುರಂಗದುದ್ದಕ್ಕೂ ಹರಿಯಿತು. ಡ್ರಿಲ್ ಹಿಡಿದಿದ್ದವನೊಬ್ಬ ಹೆಲ್ಮೆಟ್ ತೆಗೆದು ಕಣ್ಣುಮುಚ್ಚಿ ಅದರ ಮುಂದೆ ನಿಂತ. ಪಾಳಿ ಮುಗಿಯುವವರೆಗೂ ಅದು ನಿಲ್ಲಲಿಲ್ಲ. ಹೊರಡುವಾಗ ಹೆಂಡ್ರಿಕ್ ಕುಡಿದು ಮುಗಿಸಿದ ಸೋಡಾದ ಪ್ಲಾಸ್ಟಿಕ್ ಬಾಟಲಿಯನ್ನು ಇಸಿದುಕೊಂಡು, ಒಳಗಿನ ಹನಿ ಕೊಡವಿ, ಅಲ್ಲಿಯ ಗಾಳಿ ಒಳಗಿರುವ ಹಾಗೆ ಮುಚ್ಚಳ ಬಿಗಿದೆ.

ಮೇಲೆ ಬಂದು ಫೋನ್ ಮಾಡಿ ಎಲ್ಲ ಹೇಳಿದೆ. ಆ ತುದಿಯಲ್ಲಿ ಭಾವ, "ಹೌದಾ. ತಪ್ಪು ನನ್ನದೇ ಹಾಗಾದರೆ" ಎಂದು ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಟ್ಟರು.

ವಿಮಾನ ನಿಲ್ದಾಣ

ತಪಾಸಣೆಯ ಹೆಂಗಸು ಬಾಟಲಿಯನ್ನು ಎತ್ತಿ ಹಿಡಿದು ಒಳಗೇನಿದೆ ಎಂದಳು. ಗಾಳಿ ಎಂದೆ. ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಬಾಟಲಿಯನ್ನು ಒತ್ತಿ ನೋಡಿ, ತೆರೆಯಲು ಮುಚ್ಚಳಕ್ಕೆ ಕೈ ಹಾಕಿದಳು. ನಾನು ಅವಸರ ಮಾಡಲಿಲ್ಲ. ಮೊದಲು ನೀವು ಹೇಗಿದ್ದೀರಿ ಎಂದು ಕೇಳಿದೆ, ಆಮೇಲೆ ಭಾವನ ಕಥೆ ಹೇಳಿದೆ. ಅವಳು ಬಾಟಲಿಯನ್ನು ಇನ್ನೊಮ್ಮೆ ಯಂತ್ರದೊಳಗೆ ಹಾಯಿಸಿ ವಾಪಸ್ಸು ಕೊಟ್ಟಳು.

ಡೊಂಬಿವಲಿ

ಠಾಣೆ ದಾಟಿದ ಮೇಲೆ ಯಾರೋ ನನ್ನ ಭುಜ ತಟ್ಟಿ "ಡೊಂಬಿವಲಿ?" ಎಂದರು. ಹೌದೆಂದೆ, ಆದರೆ ಕೈ ಬೆಲ್ಟಿನ ಮೇಲೆ ಇಟ್ಟುಕೊಂಡು ನಿಂತೇ ಇದ್ದೆ. ಗಾಡಿ ಪೂರ್ತಿ ನಿಲ್ಲಲಿ ಎಂದು ಕಾದೆ. ಕಲ್ಯಾಣದಲ್ಲಿ ಇಳಿದು, ಡೊಂಬಿವಲಿಗೆ ವಾಪಸ್ಸು ಹೋಗುವ ಗಾಡಿ ಹಿಡಿದು ಮನೆಗೆ ಬಂದೆ.

ಬಾಗಿಲು ತೆರೆದ ಅಕ್ಕನ ಮುಖ ನೋಡಿಯೇ ಗೊತ್ತಾಯಿತು. "ಯಂತ್ರ ಓಡಿತಲ್ಲ, ಇನ್ನೆಂತ ಅಂತ ಕೇಳಿದೆ ಸದಾ. ಇಷ್ಟು ವರ್ಷ ಕಲಿತು ಇಷ್ಟು ಹೊಳೆಯಲಿಲ್ಲವಲ್ಲ, ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು ಅನ್ನುತ್ತಾರೆ. ಈಗಲೂ ನಿಂತೇ ಊಟ."

ಭಾವ ಕಿಟಕಿಯ ಹತ್ತಿರ ನಿಂತಿದ್ದರು. ಪ್ರಯಾಣ ಹೇಗಾಯಿತು ಎಂದು ಕೇಳಿದರು, ಉತ್ತರ ಕೇಳಿಸಿಕೊಳ್ಳಲಿಲ್ಲ. ನಾನು ಬಾಟಲಿ ತೆಗೆದು ಅವರ ಕೈಗೆ ಕೊಟ್ಟೆ.

"ಎಂತ ಇದು?"

"ನಿಮ್ಮ ಯಂತ್ರ ಉಸಿರಾಡುವ ಗಾಳಿ ಭಾವ. ಅಲ್ಲಿಯೇ ಮುಚ್ಚಿದ್ದು."

ಅವರು ಹೆಬ್ಬೆರಳಿನಿಂದ ಒತ್ತಿದರು. ಬಾಟಲಿ ಬಗ್ಗಲಿಲ್ಲ. ಮೇಜಿನ ಮೇಲಿದ್ದ ಇನ್ನೊಂದು ಖಾಲಿ ಬಾಟಲಿಯ ಮುಚ್ಚಳ ಬಿಗಿದು ಅದನ್ನೂ ಒತ್ತಿದರು. ಅದು ಒಳಕ್ಕೆ ಹೋಯಿತು. ಮತ್ತೆ ಇದನ್ನು ಒತ್ತಿದರು. ಬೆಳಕಿಗೆ ಹಿಡಿದರು, ಏನೂ ಕಾಣದಿದ್ದರೂ ಬಹಳ ಹೊತ್ತು ನೋಡಿದರು. ಸ್ವಾತಿ ಓದುತ್ತಿದ್ದ ಪುಸ್ತಕ ಬಿಟ್ಟು ಬಂದು ಪಕ್ಕದಲ್ಲಿ ನಿಂತಳು.

"ಖೋಲೋ ನಾ ಪಪ್ಪಾ" ಎಂದಳು.

ಭಾವ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದರು. ಸ್ಸ್ ಎಂದು ಸಣ್ಣ ಸದ್ದು. ಅದು ಪೂರ್ತಿ ನಿಲ್ಲುವವರೆಗೆ ಅವರು ಅಲುಗಾಡಲಿಲ್ಲ.

"ಕ್ಯಾ ಸುನಾ?" ಎಂದಳು ಸ್ವಾತಿ.

ಭಾವ ನನ್ನ ಕಡೆ ತಿರುಗಿದರು. "ಹಳೇ ಚುಕ್ಕಿಯಿಂದ ಎಷ್ಟು ಕೆಳಗೆ ಇಳಿಸಿದೆ?"

ಬೆರಳಿನಲ್ಲಿ ತೋರಿಸಿದೆ. ಅವರು ಅದೇ ಅಳತೆಯನ್ನು ತಮ್ಮ ಬೆರಳಿನಲ್ಲಿ ಹಿಡಿದು ನೋಡಿದರು.

"ಇನ್ನೂ ಕೆಳಗೆ ಅಗೆಯುವ ಯೋಚನೆ ಉಂಟಾ ಅವರಿಗೆ?"

"ಉಂಟಂತೆ ಭಾವ."

"ಹಾಗಾದರೆ ಇಷ್ಟು ಇಳಿಸಿದ್ದು ಅಲ್ಲಿಗೆ ಸಾಲುವುದಿಲ್ಲ ಮಾರಾಯ" ಎಂದು ಅವರು ಬಾಟಲಿಯನ್ನು ಹಿಡಿದುಕೊಂಡೇ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ನೆಲದ ಮೇಲೆ ಕೂತರು. "ಶೈಲಾ, ಬಟ್ಟಲು ಇಡು. ಸದಾನಂದ, ನೀನೂ ಕೂತುಕೋ, ಮೊದಲಿನಿಂದ ಹೇಳು."

ಸಾರಿನ ಸೌಟು ಹಿಡಿದು ಹೊರಗೆ ಬಂದ ಅಕ್ಕ, ಬಡಿಸುವುದನ್ನು ಮರೆತು ಅವರನ್ನೇ ನೋಡುತ್ತ ನಿಂತುಬಿಟ್ಟಳು.